ಲಾರಿ ಓಡಿಸಿದವರ ಭೂಗೋಳ

"ಹೀಗೇ ಆದ್ರೆ ನೀನು ಲಾರಿ ಕ್ಲೀನರ್ ಆಗ್ಲಿಕ್ಕೇ ಲಾಯಕ್ಕು!"

ಈ ಮಾತನ್ನು ನಾವು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇವೋ ಲೆಕ್ಕ ಇಟ್ಟಿಲ್ಲ. ನಾವು ಅಂದರೆ ಮಾಷ್ಟ್ರುಗಳು, ಟೀಚರುಗಳು. ನಮಗೆ ಕಲಿಸಿದವರು ಹೇಳಿದ್ದರು, ನಾವೂ ಹೇಳಿದೆವು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಬೆಂಚುಗಳಲ್ಲಿ ಡ್ರೈವರುಗಳ ಮಕ್ಕಳೂ ಕೂತಿರುತ್ತಾರೆ. ಅವರಲ್ಲಿ ಕೆಲವರ ಅಪ್ಪಂದಿರು ಅದೇ ಹೊತ್ತಿಗೆ ಸೌದಿಯಲ್ಲೋ ಕುವೈತಿನಲ್ಲೋ ಸ್ಟೇರಿಂಗ್ ಹಿಡಿದು ಇವರ ಬಟ್ಟೆ, ಪುಸ್ತಕ, ಕೊಡೆಗೆ ದುಡಿಯುತ್ತಿರುತ್ತಾರೆ. ಇದು ಗೊತ್ತಿದ್ದೂ ಹೇಳಿದೆವು. ಈಗ ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಅನಿಸಿದೆ. ಯಾಕೆಂದು ಹೇಳುತ್ತೇವೆ.

ಮೊನ್ನೆ ರಜೆಯಲ್ಲಿ ಬಿಬಿಸಿಯವರ 1977ರ ಒಂದು ಹಳೆಯ ಸಾಕ್ಷ್ಯಚಿತ್ರ ನೋಡಲು ಸಿಕ್ಕಿತು. ಹೆಸರು 'ಡೆಸ್ಟಿನೇಷನ್ ದೋಹಾ'. ಆಸ್ಟ್ರಾನ್ ಎಂಬ ಬ್ರಿಟಿಷ್ ಕಂಪೆನಿಯ ಡ್ರೈವರುಗಳು ಇಂಗ್ಲೆಂಡಿನಿಂದ ಕತಾರ್ ದೇಶದ ದೋಹಾದವರೆಗೆ ಲಾರಿಯಲ್ಲಿ ಸರಕು ಒಯ್ಯುವುದೇ ಅದರ ಕತೆ. ನೋಡಿ ಮುಗಿಸಿದ ಮೇಲೆ ಮನಸ್ಸು ನಿಲ್ಲಲಿಲ್ಲ. ಆ ದಾರಿಯಲ್ಲಿ ಓಡಾಡಿ, ನಿವೃತ್ತರಾಗಿ, ಈಗ ಮುದುಕರಾದ ಡ್ರೈವರುಗಳು ತಮ್ಮತಮ್ಮೊಳಗೆ ಹೇಳಿಕೊಂಡ ನೆನಪುಗಳನ್ನು ಹುಡುಕಿ ಹುಡುಕಿ ಓದಿದೆವು. ಸಮಾಜ ಪಾಠ ಮಾಡುವ ನಮಗೆ ಇಷ್ಟೊಂದು ಭೂಗೋಳ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಕತೆ 1964ರಿಂದ ಶುರು. ಆ ವರ್ಷ ಈ ಕಂಪೆನಿ ಕಟ್ಟಿದ ಇಬ್ಬರು, 'ಗೈ ವಾರಿಯರ್' ಎಂಬ ಒಂದು ಲಾರಿಯಲ್ಲಿ ಸರಕು ಹೇರಿಕೊಂಡು ಇಂಗ್ಲೆಂಡಿನಿಂದ ಅಫ್ಘಾನಿಸ್ತಾನದ ಕಾಬೂಲಿಗೆ ಹೊರಟರು. ಹುಚ್ಚು ಅಂತಲೇ ಆಗ ಜನ ಅಂದಿರಬೇಕು. ಆದರೆ ಕಾಲ ಅವರ ಕಡೆಗೆ ತಿರುಗಿತು. 1967ರ ಯುದ್ಧದಲ್ಲಿ ಸೂಯೆಜ್ ಕಾಲುವೆ ಮುಚ್ಚಿತು, ಮತ್ತೆ ತೆರೆದದ್ದು 1975ರಲ್ಲಿ. ಅಲ್ಲಿಯವರೆಗೆ ಯುರೋಪಿನ ಹಡಗುಗಳು ಆಫ್ರಿಕಾ ಸುತ್ತಿ ಬರಬೇಕಿತ್ತು. ನಡುವೆ 1973ರ ಅಕ್ಟೋಬರಿನಿಂದ ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಬ್ಯಾರಲ್ಲಿಗೆ ಮೂರು ಡಾಲರಿನ ಆಸುಪಾಸಿನಿಂದ ಹನ್ನೊಂದು ಡಾಲರ್ ದಾಟಿತು. ಇರಾನಿಗೆ, ಸೌದಿಗೆ, ಕೊಲ್ಲಿಯ ಸಣ್ಣ ರಾಜ್ಯಗಳಿಗೆ ದುಡ್ಡಿನ ಹೊಳೆ. ಆಸ್ಪತ್ರೆ, ಕಾರ್ಖಾನೆ, ರಸ್ತೆ, ಎಲ್ಲಾ ಒಟ್ಟಿಗೇ ಬೇಕು. ಬಂದರುಗಳಲ್ಲಿ ಸರಕು ಇಳಿಸುವ ತಾಕತ್ತಿಲ್ಲ, ಹಡಗುಗಳು ತಿಂಗಳುಗಟ್ಟಲೆ ಸಮುದ್ರದಲ್ಲೇ ಸರದಿ ಕಾಯುತ್ತಿದ್ದವು. ಹಾಗಾಗಿ ಲಾರಿಗೆ ಬೇಡಿಕೆ ಬಂತು. ಟೆಹರಾನಿಗೆ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ. ಕೊಲ್ಲಿಗೆ ಇನ್ನೂ ದೂರ.

ಬೆಲ್ಜಿಯಂ, ಜರ್ಮನಿ, ಆಸ್ಟ್ರಿಯಾ, ಆಗಿನ ಯುಗೋಸ್ಲಾವಿಯಾ, ಬಲ್ಗೇರಿಯಾ ದಾಟಿ ತುರ್ಕಿಯ ಕಾಪಿಕುಲೆ ಗಡಿ. ಇಸ್ತಾಂಬುಲಿನಲ್ಲಿ 'ಲೋಂದ್ರಾ ಕ್ಯಾಂಪಿಂಗ್' ಎಂಬ ತಂಗುದಾಣ, ಎಲ್ಲ ದೇಶದ ಡ್ರೈವರುಗಳೂ ಸೇರುವ ಜಾಗ. 1973ರ ಅಕ್ಟೋಬರಿನಲ್ಲಿ ಬಾಸ್ಫರಸ್ ಸೇತುವೆ ಆಗುವವರೆಗೆ ಯುರೋಪಿನಿಂದ ಏಷ್ಯಾಕ್ಕೆ ಲಾರಿ ಹೋಗುತ್ತಿದ್ದದ್ದು ಫೆರಿಯಲ್ಲಿ. ಅಂಕಾರಾದಾಚೆ ದಾರಿ ಎರಡಾಗುತ್ತದೆ. ಒಂದು ಎರ್ಜುರುಂ ಕಡೆಯಿಂದ ಇರಾನಿಗೆ, ಇನ್ನೊಂದು ಸಿರಿಯಾ, ಜೋರ್ಡಾನ್ ಮೂಲಕ ಸೌದಿಗೆ.

ಇರಾನಿನ ದಾರಿಯಲ್ಲಿ ತಾಹಿರ್ ಎಂಬ ಕಣಿವೆ ರಸ್ತೆ. ಎತ್ತರ 2400 ಮೀಟರಿಗೂ ಮೇಲೆ, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತಲೂ ಎತ್ತರ. ಆ ಕಾಲದಲ್ಲಿ ಡಾಂಬರಿಲ್ಲ, ಬೇಲಿಯಿಲ್ಲ, ಚಳಿಗಾಲದಲ್ಲಿ ಪೂರ್ತಿ ಹಿಮ. ಡೀಸೆಲಿನಲ್ಲಿ ಮೇಣದ ಅಂಶ ಇರುವುದರಿಂದ ವಿಪರೀತ ಚಳಿಗೆ ಅದು ಗಟ್ಟಿಯಾಗಿ ಪೈಪು ಕಟ್ಟಿಕೊಳ್ಳುತ್ತದೆ. ಆಗ ಏನು ಮಾಡುವುದು? ಟ್ಯಾಂಕಿನ ಅಡಿಯಲ್ಲಿ ಬೆಂಕಿ ಹಾಕುವುದು! ಜೀವಭಯಕ್ಕಿಂತ ಚಳಿಯ ಭಯ ದೊಡ್ಡದು. ಅವರ ಗಾಡಿಯ ಸ್ಟೇರಿಂಗ್ ನಮ್ಮ ಹಾಗೆ ಬಲಗಡೆ, ಓಡಿಸಬೇಕಾದದ್ದು ರಸ್ತೆಯ ಬಲಬದಿಯಲ್ಲಿ. ಮುಂದಿನ ಗಾಡಿಯನ್ನು ಹಿಂದೆ ಹಾಕಬೇಕಾದರೆ ಎದುರಿನಿಂದ ಬರುವುದು ಕಾಣುವುದೇ ಇಲ್ಲ.

ಇಷ್ಟು ಗಡಿಗಳನ್ನು ದಾಟಿದ್ದು ಹೇಗೆ? ಅದಕ್ಕೆ 'ಟಿಐಆರ್' ಎಂಬ ಅಂತಾರಾಷ್ಟ್ರೀಯ ಒಪ್ಪಂದ ಉಂಟು. ಹೊರಡುವ ಊರಿನಲ್ಲಿ ಕಸ್ಟಮ್ಸಿನವರು ಲೋಡಿಗೆ ಸೀಲ್ ಹಾಕುತ್ತಾರೆ. ಡ್ರೈವರನ ಕೈಯಲ್ಲಿ ಒಂದು ಕಾಗದದ ಪುಸ್ತಕ. ನಡುವಿನ ದೇಶದವರು ಸೀಲ್ ನೋಡಿ, ಪುಸ್ತಕದ ಹಾಳೆ ಹರಿದುಕೊಂಡು, ಮುದ್ರೆ ಒತ್ತಿ ಬಿಡಬೇಕು, ಸರಕು ಬಿಚ್ಚಿಸುವಂತಿಲ್ಲ. 1959ರಲ್ಲಿ ಒಪ್ಪಂದವಾಗಿ 1975ರಲ್ಲಿ ತಿದ್ದುಪಡಿಯಾದ ಈ ವ್ಯವಸ್ಥೆಗೆ ನಮ್ಮ ಭಾರತ ಸೇರಿದ್ದು 2017ರಲ್ಲಿ. ಕಾಗದದಲ್ಲಿ ಇಷ್ಟು ಸುಲಭ. ನಿಜದಲ್ಲಿ ಒಂದೊಂದು ಗಡಿಯಲ್ಲೂ ದಿನಗಟ್ಟಲೆ ಕ್ಯೂ, ಸಿಗರೇಟು ಪ್ಯಾಕಿನ ಮಾಮೂಲು. ಮಂಜೇಶ್ವರದ ಚೆಕ್‌ಪೋಸ್ಟಿನಲ್ಲಿ 2017ರ ಜಿಎಸ್‌ಟಿಗಿಂತ ಮೊದಲು ನಿಲ್ಲುತ್ತಿದ್ದ ಲಾರಿ ಸಾಲು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

1979ರಲ್ಲಿ ಇರಾನಿನ ಕ್ರಾಂತಿ, 1980ರಲ್ಲಿ ಇರಾನ್-ಇರಾಕ್ ಯುದ್ಧ. ಬಂದರುಗಳು ದೊಡ್ಡದಾದವು, ಕಂಟೈನರ್ ಹಡಗುಗಳು ಬಂದವು, ಬಲ್ಗೇರಿಯಾ, ತುರ್ಕಿಯ ಲಾರಿಗಳು ಕಡಿಮೆ ಬಾಡಿಗೆಗೆ ಓಡಿದವು. 1990ರಲ್ಲಿ ಕುವೈತ್ ಆಕ್ರಮಣ, 1991ರಿಂದ ಯುಗೋಸ್ಲಾವಿಯಾವೇ ಒಡೆದು ಚೂರು. ಬ್ರಿಟಿಷ್ ಡ್ರೈವರುಗಳ ಆ ದೊಡ್ಡ ಕಾಲ ಅಲ್ಲಿಗೆ ಮುಗಿಯಿತು.

ಈಗ ಆ ಮುದುಕರು ಕೂತು ಏನು ಮಾತಾಡುತ್ತಾರೆ ಗೊತ್ತೇ? ಬೆಟ್ಟದ ಸೌಂದರ್ಯವಲ್ಲ. ತಾಹಿರಿನ ಆಚೆ ಸಿಗುವ ಅರಾರತ್ ಪರ್ವತ 5137 ಮೀಟರ್ ಎತ್ತರದ್ದು, ಅದಕ್ಕೂ ಒಂದೇ ಸಾಲು. ಉಳಿದದ್ದೆಲ್ಲಾ ಮನುಷ್ಯರ ಬಗ್ಗೆ. ಅವನು ಎಲ್ಲಿದ್ದಾನೆ, ಇದ್ದಾನೋ ಹೋದನೋ, ಆ ಚಳಿಯಲ್ಲಿ ತನ್ನ ಸ್ಟೆಪ್ನಿ ಕೊಟ್ಟವನು ಯಾರು, ಗಡಿಯಲ್ಲಿ ಮೂರು ದಿನ ನಿಂತಾಗ ಒಂದೇ ಸ್ಟೌವಿನಲ್ಲಿ ಅಡುಗೆ ಮಾಡಿದವರು ಯಾರು. ಮೊಬೈಲಿಲ್ಲದ ಕಾಲ. ಗಾಡಿ ಕೆಟ್ಟರೆ ಹಿಂದಿನಿಂದ ಬರುವ ಲಾರಿಯೇ ದೇವರು, ಅದು ಬೇರೆ ಕಂಪೆನಿಯದ್ದಾದರೂ ಸರಿ, ಬೇರೆ ದೇಶದ್ದಾದರೂ ಸರಿ. ನಿಜ ಹೆಸರು ಮರೆತು ಅಡ್ಡ ಹೆಸರು ಮಾತ್ರ ನೆನಪಿರುವ ಗೆಳೆಯರನ್ನು ಎಪ್ಪತ್ತು, ಎಂಬತ್ತು ದಾಟಿದ ಮೇಲೂ ಹುಡುಕುತ್ತಾರೆ.

ಹೀಗೆ ಓದುತ್ತಾ ಇದ್ದಾಗ ನಾಲ್ಕು ಊರುಗಳ ಹೆಸರು ಬಂತು. ತುರೈಫ್, ಬದನಾ, ರಫ್‌ಹಾ, ಕೈಸೂಮಾ. ಜೋರ್ಡಾನ್ ಕಡೆಯಿಂದ ಕೊಲ್ಲಿಯತ್ತ ಹೋಗುವ 'ಟ್ಯಾಪ್‌ಲೈನ್' ರಸ್ತೆಯ ಊರುಗಳಿವು. ಸೌದಿಯ ಎಣ್ಣೆಯನ್ನು ಲೆಬನಾನಿನ ಕರಾವಳಿಗೆ ಒಯ್ಯಲು ಹಾಕಿದ ಪೈಪ್‌ಲೈನು 1950ರಲ್ಲಿ ಮುಗಿಯಿತು. ಅದರ ಪಂಪಿಂಗ್ ಸ್ಟೇಷನ್ನುಗಳ ಸುತ್ತ ಮರಳುಗಾಡಿನಲ್ಲಿ ಊರು ಬೆಳೆಯಿತು, ಪೈಪಿನ ಪಕ್ಕದ ದಾರಿ ಲಾರಿಗಳ ಹೆದ್ದಾರಿಯಾಯಿತು. ನಾವು ಓದುವುದು ನಿಲ್ಲಿಸಿ ಸುಮ್ಮನೆ ಕೂತೆವು. ಈ ಹೆಸರುಗಳನ್ನು ನಾವು ಮೊದಲೇ ಓದಿದ್ದೆವು, ಅದೂ ಕನ್ನಡದಲ್ಲಿ.

ಹತ್ತು ವರ್ಷಕ್ಕೂ ಹಿಂದಿನ ಮಾತು. ರಕ್ಷಕ ಶಿಕ್ಷಕ ಸಂಘದ ಸಭೆಗೆ ಒಬ್ಬರು ಅಜ್ಜ ಬಂದಿದ್ದರು, ಮೊಮ್ಮಗನ ಪರವಾಗಿ. ನಮ್ಮ ಶಾಲೆಯಲ್ಲೇ ಏಳನೇ ಕ್ಲಾಸಿನವರೆಗೆ ಓದಿದವರು. ಮುಂಬೈಗೆ ಹೋಗಿ ಲಾರಿ ಕ್ಲೀನರ್ ಆಗಿ, ಡ್ರೈವಿಂಗ್ ಕಲಿತು, 1980ರ ದಶಕದಲ್ಲಿ ಸೌದಿಯ ದಮ್ಮಾಮಿಗೆ ಹೋದವರು. ಇಪ್ಪತ್ತು ವರ್ಷ ಟ್ರೈಲರ್ ಓಡಿಸಿದ್ದಾರೆ. ಸಭೆ ಮುಗಿದ ಮೇಲೆ ಚಾ ಕುಡಿಯುತ್ತಾ, "ಮಾಷ್ಟ್ರೇ, ನಾನು ಕನ್ನಡದಲ್ಲೇ ಸೌದಿ ಇಡೀ ಸುತ್ತಿದ್ದು" ಎಂದರು. ನಾವು ನಕ್ಕೆವು. ಅವರು ನಗಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಒಂದು ಉದ್ದ ನೋಟು ಪುಸ್ತಕ ತೆಗೆದು ತೋರಿಸಿದರು.

ಅರಬಿ ಓದಲು ಬರುವುದಿಲ್ಲ, ಇಂಗ್ಲಿಷು ತಡೆತಡೆದು. ಹಾಗಾಗಿ ಊರಿನ ಹೆಸರನ್ನು ಕಿವಿಗೆ ಕೇಳಿದ ಹಾಗೆ ಕನ್ನಡದಲ್ಲಿ ಬರೆದುಕೊಂಡಿದ್ದರು. 'ತುರೈಪು', 'ರಫಾ', 'ಕೈಸುಮ'. ಮುಂದೆ ಕಿಲೋಮೀಟರ್, ಡೀಸೆಲ್ ಬಂಕು, ಮಲಯಾಳಿ ಹೋಟೆಲು, ಪೊಲೀಸ್ ಚೆಕ್ಕಿಂಗು, ಮರಳು ರಸ್ತೆಗೆ ಬರುವ ಜಾಗ. ಹಿಂದಿನ ಪುಟಗಳಲ್ಲಿ ಜತೆಗಾರರ ಹೆಸರುಗಳು. ಮಲಪ್ಪುರದವನು, ಸಿಲೋನಿನವನು, ಪೇಶಾವರ ಕಡೆಯ ಒಬ್ಬ ಪಠಾಣ. ಪಠಾಣನ ಬಗ್ಗೆ ಮಾತ್ರ ಜಾಸ್ತಿ ಬರೆದಿತ್ತು. ಗಾಡಿ ಮಗುಚಿದಾಗ ಇವರನ್ನು ಹೊರಗೆಳೆದು, ಎರಡು ದಿನ ಆಸ್ಪತ್ರೆಯಲ್ಲಿ ಕೂತವನು. "ಅವನ ಊರಿಗೆ ಹೋಗ್ಲಿಕ್ಕೆ ಮಾತ್ರ ಆಗುದಿಲ್ಲ ಮಾಷ್ಟ್ರೇ. ಬಾಕಿ ಎಲ್ಲಾ ಗಡಿ ದಾಟಿದ್ದೇನೆ" ಎಂದರು.

"ಒಂದು ದಿನ ಮಕ್ಕಳಿಗೆ ಹೇಳಿ, ನಾವು ಕರೀತೇವೆ" ಎಂದು ಪುಸ್ತಕ ವಾಪಸು ಕೊಟ್ಟೆವು. ಆಮೇಲೆ ಪರೀಕ್ಷೆ ಬಂತು, ಕಲೋತ್ಸವ ಬಂತು, ಚುನಾವಣಾ ಡ್ಯೂಟಿ ಬಂತು. ಕರೆಯಲಿಲ್ಲ. ಅವರು ತೀರಿಕೊಂಡರು. ತಡವಾಗಿ ಬುದ್ಧಿ ಬಂದು ಮಗನಲ್ಲಿ ಕೇಳಿದಾಗ, ಮನೆ ರಿಪೇರಿ ಮಾಡುವಾಗ ಹಳೆಯ ಕಾಗದವೆಲ್ಲ ಗುಜರಿಯವನಿಗೆ ಹೋಯಿತು ಎಂದರು. ಮಗನ ಮೇಲೆ ತಪ್ಪು ಹೊರಿಸುವುದಿಲ್ಲ. ಆ ಪುಸ್ತಕಕ್ಕೆ ಬೆಲೆ ಉಂಟೆಂದು ಅವರಿಗೆ ಹೇಳಬೇಕಾದವರು ನಾವು.

ಒಂದೇ ದಾರಿ, ನೋಡಿ. ಅಲ್ಲಿ ಓಡಿದ ಬ್ರಿಟಿಷರದ್ದು ಚಿತ್ರವಾಯಿತು, ನೆನಪು ಅಕ್ಷರವಾಯಿತು. ನಮ್ಮವರದ್ದು ಕಿಲೋ ಲೆಕ್ಕದಲ್ಲಿ ಹೋಯಿತು. ಅವರು ದೊಡ್ಡ ಸಾಹಸಿಗರು, ನಮ್ಮವರು ಬರೀ ಕೂಲಿಗಳು ಎಂದಲ್ಲ. ಅವರನ್ನು ಯಾರೋ ಕೇಳಿದರು, ನಮ್ಮವರನ್ನು ನಾವು ಕೇಳಲಿಲ್ಲ. ಅಷ್ಟೇ ವ್ಯತ್ಯಾಸ.

ಇದಕ್ಕೆ ಬರುವ ಆಕ್ಷೇಪ ನಮಗೆ ಗೊತ್ತು. "ಕನ್ನಡ ಬಾರದ ಅಧ್ಯಾಪಕರ ನೇಮಕದ ವಿರುದ್ಧ ಹೋರಾಡುವುದೇ ಸಾಕಾಗಿದೆ, ಗಡಿನಾಡಿನಲ್ಲಿ ಕನ್ನಡ ಉಳಿಸುವುದು ಬಿಟ್ಟು ಲಾರಿ ಕತೆಯೇ?" ಎಂದು ಕೆಲವರು ಕೇಳಬಹುದು. ನಾವು ಹೇಳುವುದು, ಕನ್ನಡದ ಕತೆಯೇ ಇದು. ಏಳನೇ ಕ್ಲಾಸಿನ ಕನ್ನಡ ಒಬ್ಬ ಮನುಷ್ಯನನ್ನು ಮರಳುಗಾಡಿನಲ್ಲಿ ದಾರಿ ತಪ್ಪದಂತೆ ಕಾಪಾಡಿತು. "ಕನ್ನಡ ಮಾಧ್ಯಮದಲ್ಲಿ ಓದಿ ಏನು ಪ್ರಯೋಜನ" ಎಂದು ಕೇಳುವ ತಂದೆತಾಯಿಗೆ ಕೊಡಲು ಇದಕ್ಕಿಂತ ಒಳ್ಳೆಯ ಉತ್ತರ ನಮ್ಮ ಹತ್ತಿರ ಇರಲಿಲ್ಲ. ಅದನ್ನೇ ಕಳೆದುಕೊಂಡೆವು.

ಇನ್ನು ಕೆಲವರು, ಗಲ್ಫ್ ಡ್ರೈವರುಗಳ ಬದುಕು ಸುಖದ್ದಲ್ಲ, ಅದನ್ನು ಸಾಹಸ ಎಂದು ಹೊಗಳಬೇಡಿ ಎನ್ನಬಹುದು. ಒಪ್ಪುತ್ತೇವೆ. ಪಾಸ್‌ಪೋರ್ಟ್ ಧಣಿಯ ಕೈಯಲ್ಲಿ, ಸಂಬಳ ಬಾಕಿ, ಮಗು ಹುಟ್ಟಿದ ಸುದ್ದಿ ಕ್ಯಾಸೆಟ್ಟಿನಲ್ಲಿ ಬಂದವರು ಅವರು. 2017ರ ಜೂನಿನಿಂದ 2021ರ ಜನವರಿಯವರೆಗೆ ಸೌದಿ-ಕತಾರ್ ನಡುವಿನ ಸಲ್ವಾ ಗಡಿ ಮುಚ್ಚಿದಾಗ ಆ ದಾರಿಯನ್ನೇ ನಂಬಿದ್ದ ಡ್ರೈವರುಗಳ ಕೆಲಸಕ್ಕೆ ಏಟು ಬಿತ್ತು. ಅದೂ ದಾಖಲಾಗಲಿ. ಹೊಗಳುವುದು ಬೇಡ, ಕೇಳಿಸಿಕೊಂಡರೆ ಸಾಕು. ಗಡಿ ಮುಚ್ಚಿದರೆ ಏನಾಗುತ್ತದೆಂದು 2020ರ ಮಾರ್ಚ್‌ನಲ್ಲಿ ತಲಪಾಡಿಯ ರಸ್ತೆ ಮುಚ್ಚಿ, ರೋಗಿಗಳು ಮಂಗಳೂರಿಗೆ ಹೋಗಲಾಗದೆ ಒದ್ದಾಡಿದಾಗ ನಾವೂ ಕಂಡಿದ್ದೇವೆ. ಇಂಥ ಊರಿನ ಮಕ್ಕಳಿಗೆ ಗಡಿಯ ಪಾಠವನ್ನು ಡ್ರೈವರಿಗಿಂತ ಚೆನ್ನಾಗಿ ಯಾರು ಮಾಡಿಯಾರು?

ಖರ್ಚಿಲ್ಲದ ಕೆಲಸ ಇದು. ಸಮಾಜ ವಿಜ್ಞಾನದ ಎರಡು ಪೀರಿಯಡು, ಒಂದು ಅಟ್ಲಾಸು, ಒಂದು ಕುರ್ಚಿ. ಎಲ್ಲಿಂದ ಎಲ್ಲಿಗೆ, ಯಾವ ಗಾಡಿ, ಏನು ಲೋಡು, ಗಡಿಯಲ್ಲಿ ಏನು ಕೇಳುತ್ತಿದ್ದರು, ಜತೆಗೆ ಯಾರಿದ್ದರು, ಅವರು ಈಗ ಎಲ್ಲಿ? ಅವರು ತುಳುವಿನಲ್ಲಿ ಹೇಳಲಿ, ಬ್ಯಾರಿಯಲ್ಲಿ ಹೇಳಲಿ, ಮಲಯಾಳದಲ್ಲಿ ಹೇಳಲಿ. ಮಕ್ಕಳು ಕನ್ನಡದಲ್ಲಿ ಬರೆಯಲಿ, ಬರೆದದ್ದನ್ನು ಓದಿ ಹೇಳಿ ತಪ್ಪು ತಿದ್ದಿಸಲಿ. ಅಕ್ಷರ ಕಲಿಸಿದ್ದು ಸಾರ್ಥಕ ಅನಿಸುತ್ತದೆ.

ಕಳೆದ ವಾರ ಒಂಬತ್ತನೆಯ ತರಗತಿಯಲ್ಲಿ ಕೇಳಿದೆವು, "ಯಾರ ಮನೆಯಲ್ಲಿ ಲಾರಿ ಓಡಿಸಿದವರು ಇದ್ದಾರೆ?" ಮೊದಲು ಒಂದೂ ಕೈ ಮೇಲೇಳಲಿಲ್ಲ. ಮಕ್ಕಳು ನಮ್ಮ ಮುಖ ನೋಡಿದರು, ಬೈಗುಳಕ್ಕೆ ಪೀಠಿಕೆ ಎಂದುಕೊಂಡಿರಬೇಕು. "ಬೈಯಲಿಕ್ಕಲ್ಲ, ಅವರನ್ನು ಶಾಲೆಗೆ ಕರೀಲಿಕ್ಕೆ" ಎಂದೆವು. ಆಗ ಒಂದು ಕೈ ಎದ್ದಿತು, ಅದರ ಹಿಂದೆ ಆರು.

ಮುಂದಿನ ಶನಿವಾರ ಮೊದಲನೆಯವರು ಬರುತ್ತಾರೆ. ನಿಮ್ಮ ಶಾಲೆಯಲ್ಲೂ ಒಮ್ಮೆ ಕೇಳಿ ನೋಡಿ.