ಹೆದರಿದ ನಾಯಿಯನ್ನು ಅದುಮಿ ಹಿಡಿಯುವುದು ಚಿಕಿತ್ಸೆಯಲ್ಲ

ಪಶು ಆಸ್ಪತ್ರೆಯ ಸ್ಟೀಲ್ ಟೇಬಲ್ಲಿನಿಂದ ನಾಯಿಯನ್ನು ಕೆಳಗಿಳಿಸಿದ ಮೇಲೆ ಅಲ್ಲಿ ನಾಲ್ಕು ಒದ್ದೆ ಗುರುತುಗಳು ಉಳಿದಿರುತ್ತವೆ. ನಾಯಿ ಬೆವರುವುದು ಮುಖ್ಯವಾಗಿ ಪಾದಗಳಲ್ಲಿ. ಸೆಕೆಗೆ ಬೆವರುವಂತೆಯೇ ಭಯಕ್ಕೂ ಬೆವರುತ್ತದೆ. ಸಹಾಯಕ ಆ ಗುರುತನ್ನು ಬಟ್ಟೆಯಿಂದ ಒರೆಸಿ ಮುಂದಿನವರನ್ನು ಕರೆಯುತ್ತಾನೆ. ನಾಯಿಯನ್ನು ಸಾಕಿದವರು ಮಾತ್ರ ನಾಚಿಕೆಯಿಂದ, ‘ಮನೆಯಲ್ಲಿ ಹೀಗಿಲ್ಲ ಡಾಕ್ಟ್ರೇ, ಇಲ್ಲಿಗೆ ಬಂದರೆ ಸಾಕು, ಹಟ ಶುರು’ ಎಂದು ಹೇಳಿಕೊಳ್ಳುತ್ತಾರೆ.

ಅದು ಹಟವಲ್ಲ. ಜರ್ಮನಿಯ ಸಂಶೋಧಕರು 135 ನಾಯಿಗಳನ್ನು ಕ್ಲಿನಿಕ್ಕಿನಲ್ಲಿ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಯ ಟೇಬಲ್ ಮೇಲೆ 106 ನಾಯಿಗಳು ಭಯದ ಲಕ್ಷಣ ತೋರಿದ್ದವು. ಅಂದರೆ ನೂರಕ್ಕೆ ಎಪ್ಪತ್ತೆಂಟಕ್ಕೂ ಹೆಚ್ಚು. ಇಷ್ಟೊಂದು ನಾಯಿಗಳು ಒಟ್ಟಿಗೆ ಹಟಮಾರಿಗಳಾಗಲು ಸಾಧ್ಯವಿಲ್ಲ. ಹೆದರಿಸುವಂಥದ್ದು ಆ ಜಾಗದಲ್ಲೇ ಇದೆ: ಕಾಲು ನಿಲ್ಲದ ನುಣುಪು ಟೇಬಲ್, ಫಿನಾಯಿಲ್ ಘಾಟು, ತನಗಿಂತ ಮುಂಚೆ ಹೆದರಿ ಹೋದ ಪ್ರಾಣಿಗಳ ವಾಸನೆ, ಮುಖದ ಮೇಲೆ ಬಾಗುವ ಅಪರಿಚಿತರು. ಇದರ ಜೊತೆಗೆ ನೆನಪು. ವರ್ಷಕ್ಕೊಮ್ಮೆ ಮಾತ್ರ ಕಾರು ಹತ್ತಿಸಿ, ಪ್ರತಿಸಲವೂ ಸೂಜಿ ಚುಚ್ಚಿಸಿಕೊಂಡು ಬಂದರೆ ನಾಯಿ ಕಾರನ್ನು ಕಂಡೊಡನೆ ನಡುಗುವುದರಲ್ಲಿ ಆಶ್ಚರ್ಯವೇನು?

ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ವೈದ್ಯರ ಕೆಲಸವೇ ಕೆಡುತ್ತದೆ. ಹೆದರಿದ ಪ್ರಾಣಿಯ ಮೈ ಬಿಸಿ ಏರುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಹೆಚ್ಚುತ್ತವೆ. ಬೆಕ್ಕಿನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಕೈಯಲ್ಲಿ ಒದ್ದಾಡಿದ ಬೆಕ್ಕಿನ ರಕ್ತದ ಸಕ್ಕರೆ ಎಷ್ಟು ಏರಬಹುದೆಂದರೆ ಆರೋಗ್ಯವಂತ ಬೆಕ್ಕೂ ಮಧುಮೇಹಿಯಂತೆ ಕಾಣುತ್ತದೆ. ಅದಕ್ಕಾಗಿಯೇ ಅನುಮಾನ ಬಂದಾಗ ವೈದ್ಯರು ಕಳೆದ ಒಂದೆರಡು ವಾರಗಳ ಸಕ್ಕರೆಯ ಮಟ್ಟ ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸುತ್ತಾರೆ. ಹೊಟ್ಟೆ ಬಿಗಿಹಿಡಿದು ಮುದುಡಿ ಕುಳಿತ ಪ್ರಾಣಿಯ ಹೊಟ್ಟೆ ಒತ್ತಿ ನೋಡಿ ನೋವು ಎಲ್ಲಿದೆ ಎಂದು ಹೇಳುವುದು ಎಂಥ ಅನುಭವಿಗೂ ಕಷ್ಟ.

ಇನ್ನೂ ದೊಡ್ಡ ನಷ್ಟ ಮನೆಯಲ್ಲಿ ಆಗುತ್ತದೆ. ಒಂದು ಭೇಟಿ ಕುಸ್ತಿಯಾಗಿ ಮುಗಿದರೆ ಮುಂದಿನ ಭೇಟಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅಮೆರಿಕದಲ್ಲಿ 2011ರಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯಲ್ಲಿ, ಬೆಕ್ಕು ಸಾಕಿದವರ ಪೈಕಿ ಶೇ. 58 ಮಂದಿ ತಮ್ಮ ಬೆಕ್ಕಿಗೆ ವೈದ್ಯರ ಬಳಿ ಹೋಗುವುದೆಂದರೆ ಆಗದು ಎಂದಿದ್ದರು. ನಮ್ಮಲ್ಲಿ ಇದು ಪ್ರಾಣಿಪ್ರಿಯರ ಖಾಸಗಿ ತಾಪತ್ರಯವಷ್ಟೇ ಅಲ್ಲ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ನಾಯಿಗಳಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣ ಕಾಣಿಸಿಕೊಂಡರೆ ಬದುಕುಳಿಯುವವರು ಇಲ್ಲವೆಂದೇ ಹೇಳಬೇಕು. ನಾಯಿ ಹೆದರುತ್ತದೆ ಎಂಬ ಕಾರಣಕ್ಕೆ ತಪ್ಪಿಹೋಗುವ ಪ್ರತಿಯೊಂದು ಲಸಿಕೆಯೂ ಇಡೀ ಬೀದಿಯ ಚಿಂತೆ.

ಪ್ರಾಣಿಯ ಭಯವನ್ನು ಗೌರವಿಸುವ ಪಾಠ ಈ ನಾಡಿಗೆ ಹೊಸದೇನಲ್ಲ. ಹಾಲು ಕರೆಯುವ ಮುಂಚೆ ಹಸುವಿಗೆ ಹಿಂಡಿ ಇಟ್ಟು, ಗಂಗೆದೊಗಲು ಸವರಿ, ಮಾತಾಡಿಸಿ ಕೂರುವ ಹೆಂಗಸರಿಗೆ ಗೊತ್ತು: ಗಾಬರಿಯಾದ ಹಸು ತೊರೆ ಬಿಡುವುದಿಲ್ಲ, ಹಾಲು ಏರಿಸಿಕೊಂಡುಬಿಡುತ್ತದೆ. ಹಟ್ಟಿಯಲ್ಲಿರುವ ಈ ಸಹನೆ ಕ್ಲಿನಿಕ್ಕಿನ ಬಾಗಿಲು ದಾಟುವಷ್ಟರಲ್ಲಿ ಕಳೆದುಹೋಗುತ್ತಿದೆ. ಅಮೆರಿಕದ ಪಶುವೈದ್ಯೆ ಸೋಫಿಯಾ ಯಿನ್ 2009ರಲ್ಲಿ ನಾಯಿ–ಬೆಕ್ಕುಗಳನ್ನು ಹೆದರಿಸದೆ ಹಿಡಿಯುವ ವಿಧಾನಗಳ ಕುರಿತು ದೊಡ್ಡ ಗ್ರಂಥವನ್ನೇ ಬರೆದರು. ಅಲ್ಲಿಯೇ ಪಶುವೈದ್ಯ ಮಾರ್ಟಿ ಬೆಕರ್ 2016ರಲ್ಲಿ ‘ಫಿಯರ್ ಫ್ರೀ’ ಹೆಸರಿನ ತರಬೇತಿ ಮತ್ತು ಪ್ರಮಾಣಪತ್ರದ ವ್ಯವಸ್ಥೆ ತಂದರು. ಬೆಕ್ಕಿನ ಕತ್ತಿನ ಚರ್ಮ ಹಿಡಿದು ಎತ್ತುವ ಹಳೆಯ ಪದ್ಧತಿಯನ್ನು, ಬೆಕ್ಕು ವೈದ್ಯರ ಎರಡು ಅಂತರರಾಷ್ಟ್ರೀಯ ಮಟ್ಟದ ಸಂಘಟನೆಗಳು 2022ರ ಮಾರ್ಗಸೂಚಿಯಲ್ಲಿ ಬೇಡವೆಂದಿವೆ.

ಬದಲಾವಣೆಗೆ ದುಡ್ಡು ಬಹಳ ಬೇಕಿಲ್ಲ. ಟೇಬಲ್ ಮೇಲೆ ಒಂದು ರಬ್ಬರ್ ಮ್ಯಾಟ್ ಹಾಸಿದರೆ ನಾಯಿಯ ಕಾಲು ಜಾರುವುದಿಲ್ಲ, ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ದೊಡ್ಡ ನಾಯಿಯನ್ನು ಮೇಲೆ ಎತ್ತುವುದೇ ಬೇಡ, ವೈದ್ಯರು ನೆಲದ ಮೇಲೆ ಪಕ್ಕಕ್ಕೆ ಕುಳಿತು ನೋಡಬಹುದು. ಸರದಿ ಬರುವತನಕ ಆಟೊದಲ್ಲೋ ಮರದ ನೆರಳಲ್ಲೋ ಕಾದು, ಫೋನ್ ಬಂದಮೇಲೆ ಒಳಗೆ ಹೋಗುವ ವ್ಯವಸ್ಥೆ ಯಾವ ಕ್ಲಿನಿಕ್ಕಿಗೂ ಕಷ್ಟವಲ್ಲ. ಮುಧೋಳದಂಥ ತಳಿಗಳು ಅಪರಿಚಿತರ ಕೈಯನ್ನು ಸುಲಭಕ್ಕೆ ಒಪ್ಪುವುದಿಲ್ಲ. ಅಂಥ ನಾಯಿಗೆ ಎರಡು ನಿಮಿಷ ಮೂಸಿ ನೋಡಲು ಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ.

ಸಾಲು ಉದ್ದವಿರುವ ಸರಕಾರಿ ಆಸ್ಪತ್ರೆಯಲ್ಲಿ ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬ ಮಾತು ಬರುತ್ತದೆ. ಮಾತಿನಲ್ಲಿ ಹುರುಳಿದೆ. ಆದರೆ ಮೂವರು ಸೇರಿ ಒಂದು ನಾಯಿಯನ್ನು ಅದುಮಿ, ಒಬ್ಬರು ಕಚ್ಚಿಸಿಕೊಂಡು, ಗಾಯ ತೊಳೆದು, ಆ ಕೈಗೆ ರೇಬೀಸ್ ಲಸಿಕೆ ಹಾಕಿಸಿಕೊಳ್ಳಲು ಓಡುವುದಕ್ಕೆ ಹಿಡಿಯುವ ಸಮಯವನ್ನೂ ಲೆಕ್ಕ ಹಾಕಬೇಕಲ್ಲ? ಹಾವು ಕಚ್ಚಿದ, ವಾಹನ ಬಡಿದ ಪ್ರಾಣಿಗೆ ಕಾಯುವ ಅವಕಾಶವಿಲ್ಲ, ನಿಜ. ಉಗುರು ಕತ್ತರಿಸುವಂಥ ಕೆಲಸಕ್ಕೆ ಆ ಆತುರವೇಕೆ? ಇವತ್ತು ಆಗದಿದ್ದರೆ ಇನ್ನೊಂದು ದಿನ ಮಾಡಬಹುದು.

ಸಾಕಿದವರ ಪಾಲು ವೈದ್ಯರ ಪಾಲಿಗಿಂತ ದೊಡ್ಡದು. ಬೆಕ್ಕನ್ನು ಗೋಣಿಚೀಲದಲ್ಲಿ ತುಂಬಿ ಸ್ಕೂಟರ್ ಮೇಲೆ ತರುವುದು ನಿಲ್ಲಬೇಕು. ಬೆಕ್ಕಿನ ಬುಟ್ಟಿಯನ್ನು ಅಟ್ಟದ ಮೇಲಿಡದೆ ವರ್ಷವಿಡೀ ಹಾಲ್‌ನ ಮೂಲೆಯಲ್ಲಿ ಬಾಗಿಲು ತೆರೆದಿಟ್ಟು, ಒಳಗೆ ಅದು ಮಲಗುವ ಹಳೆಯ ಟವೆಲ್ ಹಾಸಬೇಕು. ಆಗಾಗ ಒಂದು ತುಂಡು ಬೇಯಿಸಿದ ಮೀನನ್ನು ಅದರೊಳಗೇ ಹಾಕಿದರೆ ಕೆಲವೇ ದಿನಗಳಲ್ಲಿ ಬೆಕ್ಕು ಅಲ್ಲಿಯೇ ನಿದ್ದೆ ಹೋಗತೊಡಗುತ್ತದೆ. ಹೊರಟಾಗ ಬುಟ್ಟಿಗೆ ಬಟ್ಟೆ ಹೊದಿಸಿ, ಕ್ಲಿನಿಕ್ಕಿನಲ್ಲಿ ಅದನ್ನು ನೆಲಕ್ಕಿಡದೆ ಕುರ್ಚಿಯ ಮೇಲಿಡಬೇಕು. ಮೇಲ್ಭಾಗ ಬಿಚ್ಚುವ ಬುಟ್ಟಿಯಾದರೆ ಬೆಕ್ಕನ್ನು ಹೊರಗೆಳೆಯದೆ ಅದರಲ್ಲೇ ಪರೀಕ್ಷಿಸಬಹುದು.

ನಾಯಿಮರಿಗೆ ಸುಮಾರು ಮೂರರಿಂದ ಹದಿನಾಲ್ಕು ವಾರದ ಅವಧಿ ಬಹಳ ಮುಖ್ಯ. ಆಗ ಒಪ್ಪಿಕೊಂಡ ಜಾಗ, ಜನ, ಸ್ಪರ್ಶ ಮುಂದೆಯೂ ಹೆಚ್ಚಾಗಿ ಒಪ್ಪಿಗೆಯಾಗಿಯೇ ಉಳಿಯುತ್ತವೆ. ಲಸಿಕೆಗಳು ಪೂರ್ತಿಯಾಗದ ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡೇ ಕ್ಲಿನಿಕ್ಕಿಗೆ ಕರೆದೊಯ್ದು, ತೂಕ ನೋಡಿಸಿ, ಅಲ್ಲಿನವರ ಕೈಯಿಂದಲೇ ಒಂದು ಚೂರು ಪನೀರ್ ಕೊಡಿಸಿ ವಾಪಸು ಬರಬಹುದು. ಮನೆಯಲ್ಲಿ ದಿನಾ ಒಂದು ನಿಮಿಷ ಕಿವಿ ಎತ್ತಿ ನೋಡಿ, ಪಾದ ಹಿಡಿದು, ತುಟಿ ಸರಿಸಿ ಹಲ್ಲು ನೋಡಿ, ಪ್ರತಿಸಲವೂ ಏನಾದರೂ ತಿನ್ನಲು ಕೊಡುವ ಅಭ್ಯಾಸವಿದ್ದರೆ ವೈದ್ಯರ ಕೈ ಅದಕ್ಕೆ ಹೊಸದೆನಿಸುವುದಿಲ್ಲ. ಬುಟ್ಟಿಯಾಕಾರದ ಬಾಯಿಕುಕ್ಕೆಯನ್ನೂ ಹೀಗೆಯೇ, ಒಳಗೆ ತಿನಿಸು ಇಟ್ಟು, ಮೂತಿಯನ್ನು ತಾನೇ ತೂರಿಸುವಂತೆ ಕಲಿಸಬೇಕು.

ನಾಯಿ ಆಕಳಿಸುವುದು, ಮತ್ತೆಮತ್ತೆ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು — ಇವೆಲ್ಲ ಗುರ್ರೆನ್ನುವುದಕ್ಕೆ ಮೊದಲಿನ ಬೇಡಿಕೆಗಳು. ಮರಗಟ್ಟಿದಂತೆ ನಿಂತ ಪ್ರಾಣಿಯನ್ನು ‘ಎಷ್ಟು ಸಾಧು’ ಎಂದು ಹೊಗಳುವುದು ತಪ್ಪು. ಭಯ ವಿಪರೀತವಾದಾಗಲೂ ಅದು ಹಾಗೆಯೇ ನಿಲ್ಲುತ್ತದೆ. ಆಗ ತಲೆ ಸವರಿ ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಧಾರಾಳವಾಗಿ ಸಮಾಧಾನ ಮಾಡಬಹುದು.

ಇಷ್ಟಾದರೂ ಹೆದರುವ ಪ್ರಾಣಿಗಳಿಗೆ ಔಷಧಿ ಇದೆ. ಗಾಬಾಪೆಂಟಿನ್, ಟ್ರಾಜೊಡೋನ್‌ನಂಥ ಗುಳಿಗೆಗಳನ್ನು ವೈದ್ಯರು ಭೇಟಿಗೆ ಎರಡು ಗಂಟೆ ಮುಂಚೆ ಕೊಡಲು ಹೇಳುವುದುಂಟು. ಅದನ್ನು ಸೋಲೆಂದು ಭಾವಿಸಬೇಕಿಲ್ಲ. ಆದರೆ ಮನೆಯ ಡಬ್ಬಿಯಿಂದ ಮನುಷ್ಯರ ಮಾತ್ರೆ ತೆಗೆದು ಕೊಡುವ ಸಾಹಸ ಖಂಡಿತ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಮನುಷ್ಯರಿಗೆಂದು ತಯಾರಿಸಿದ ಕೆಲವು ಗಾಬಾಪೆಂಟಿನ್ ದ್ರಾವಣಗಳಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿ ನಾಯಿಗೆ ವಿಷ.

ಬೀದರ್‌ನ ಪಶು ವಿಶ್ವವಿದ್ಯಾಲಯ, ಹೆಬ್ಬಾಳ, ಹಾಸನ, ಶಿವಮೊಗ್ಗದ ಪಶುವೈದ್ಯ ಕಾಲೇಜುಗಳಲ್ಲಿ ಕಲಿಯುವ ವಿದ್ಯಾರ್ಥಿ ಸೂಜಿ ಚುಚ್ಚುವುದರಲ್ಲಿ ಎಷ್ಟು ನಿಪುಣ ಎಂಬುದರ ಜೊತೆಗೆ, ಪ್ರಾಣಿಯನ್ನು ಹೆದರಿಸದೆ ಚುಚ್ಚಿದನೇ ಎಂಬುದಕ್ಕೂ ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕವಿರಬೇಕು. ಪಶುಪಾಲನಾ ಇಲಾಖೆ ತನ್ನ ಆಸ್ಪತ್ರೆಗಳಿಗೆ ಒಂದೊಂದು ರಬ್ಬರ್ ಮ್ಯಾಟ್ ಕೊಡಿಸುವುದರಿಂದಲೇ ಶುರುಮಾಡಲಿ. ಮನೆಯಲ್ಲಿ ನಾಯಿಯೋ ಬೆಕ್ಕೋ ಇರುವವರು ಮಾತ್ರ ಅಷ್ಟು ದಿನ ಕಾಯಬೇಕಿಲ್ಲ. ಈ ವಾರವೇ ಕ್ಲಿನಿಕ್ಕಿಗೆ ಫೋನ್ ಮಾಡಿ ಜನ ಕಡಿಮೆಯಿರುವ ಹೊತ್ತು ಯಾವುದೆಂದು ಕೇಳಿ, ಚುಚ್ಚುಮದ್ದಿಲ್ಲದೆ ಬರೀ ತೂಕ ನೋಡಿಸಿಕೊಂಡು ಒಮ್ಮೆ ಹೋಗಿಬನ್ನಿ.