ಸಾಬೂನಿನ ಕಲ್ಲು

ಕಲ್ಲಿನಂತೆ ಕಾಣುವ ಸಾಬೂನನ್ನು ಮನೆಯಲ್ಲಿ ಮಾಡುವುದು ಹೊತ್ತು ಹೋಗದವರ ಚಟವೆಂದು ವಿದ್ಯಾರ್ಥಿನಿಲಯದ ಮಿತ್ರರೊಬ್ಬರು ಹೇಳಿದರು. ಬೇಸಿಗೆಯ ರಜೆಯಲ್ಲಿ ಅದನ್ನೇ ಮಾಡಿದ್ದ ನಾನು ಆಗ ಸುಮ್ಮನಿದ್ದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಣ್ಣೆಗೆ ಕಾಸ್ಟಿಕ್ ಸೋಡಾ ಕೂಡಿಸುವುದು ಅಪಾಯದ ಕೆಲಸ; ನಾನು ಅದಕ್ಕೆ ಕೈಹಾಕಲಿಲ್ಲ. ಅಂಗಡಿಯಲ್ಲಿ ದೊರೆಯುವ ಬಿಳಿಯ ಗ್ಲಿಸರಿನ್ ಸಾಬೂನಿನ ಗಟ್ಟಿಯನ್ನು ಕೊಯ್ದು, ಬಿಸಿನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆಯಿಟ್ಟು ಕರಗಿಸಿದೆ. ಒಂದು ಪಾಲಿಗೆ ಇದ್ದಿಲಿನ ನಯವಾದ ಪುಡಿ ಬೆರೆಸಿದೆ. ಕಾಗದದ ಲೋಟವನ್ನು ಓರೆಯಾಗಿಟ್ಟು ಕಪ್ಪು, ಬಿಳಿ ಎಂದು ಪದರ ಪದರವಾಗಿ ಹೊಯ್ಯಬೇಕು. ಒಲೆ ಆರಿಸಿದ ಮೇಲೆ ನಡುನಡುವೆ ಸ್ಪಿರಿಟ್ ಚಿಮುಕಿಸದಿದ್ದರೆ ಪದರಗಳು ಅಂಟುವುದಿಲ್ಲ. ನನ್ನ ಮೊದಲ ಎರಡು ಕಲ್ಲುಗಳು ಹಾಗೆಯೇ ಬಿರಿದುಹೋದವು. ಗಟ್ಟಿಯಾದ ಮೇಲೆ ಚಾಕುವಿನಿಂದ ಅಡ್ಡಾದಿಡ್ಡಿಯಾಗಿ ಕೆತ್ತಿದರೆ ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಪಟ್ಟೆಗಳು ಅಂಗೈಯಲ್ಲಿ ಮೂಡುತ್ತವೆ. ಉಳಿದ ಚೂರುಗಳನ್ನು ಮತ್ತೆ ಕರಗಿಸಬಹುದು.

ಇದು ಬರಿಯ ಸೋಗು ಎನ್ನುವವರುಂಟು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯ ಬಳಪದ ಕಲ್ಲಿನದು. ಮುಟ್ಟಿದರೆ ನುಣುಪಾಗಿ ಜಾರುವ ಆ ಕಲ್ಲಿಗೆ ಇಂಗ್ಲಿಷಿನಲ್ಲಿ ಸಾಬೂನುಗಲ್ಲೆಂದೇ ಹೆಸರು. ಕಲ್ಲು ಸಾಬೂನಿನ ಹೆಸರು ಹೊರಬಹುದಾದರೆ ಸಾಬೂನು ಕಲ್ಲಿನ ರೂಪ ತಾಳಿದರೆ ದೋಷವೇನು?

ಮಿತ್ರರಿಗೆ ಇಷ್ಟು ಸಾಕು. ಆದರೆ ನನ್ನ ವಾದ ಸೋತದ್ದು ಮನೆಯಲ್ಲಿ.

ನನ್ನ ಅವ್ವ ಪರರ ಮನೆಯ ಬಟ್ಟೆ ಒಗೆದು ನನ್ನನ್ನು ಬಿ.ಎ. ತರಗತಿಯವರೆಗೆ ತಂದವಳು. ಬಟ್ಟೆ ಸೋಪಿನ ಕ್ಷಾರಕ್ಕೆ ಅವಳ ಬೆರಳ ಸಂದುಗಳು ಒಡೆದಿವೆ. ಕೈಗೆ ಹಿತವಾಗಲೆಂದು ಒಂದು ಕಲ್ಲನ್ನು ಕೊಟ್ಟೆ. ಅವಳು ಅದನ್ನು ದೀಪದ ಗೂಡಿನಲ್ಲಿಟ್ಟಳು. "ಇಷ್ಟು ಚಂದಾಗಿರೋದ್ನ ತೇಯ್ದು ಹಾಳ್ಮಾಡ್ಲಾ ಮಗಾ? ನಂಗೆ ಬಟ್ಟೆ ಸೋಪೇ ಸಾಕು" ಎಂದಳು.

ಚೆಲುವಾದದ್ದು ತನ್ನ ಬಳಕೆಗಲ್ಲ ಎಂದು ಅವಳಿಗೆ ಯಾರು ಕಲಿಸಿದರೋ! ಸಾಬೂನನ್ನು ಗಾಜಿನ ಬೀರುವಿನಲ್ಲಿಡುವವರ ಪಕ್ಷ ನನ್ನದಲ್ಲ. ಹಾಗಿಡುವುದಾದರೆ ನಿಜವಾದ ಕಲ್ಲೇ ಬೇಕಾದಷ್ಟಿದೆ, ದುಡ್ಡೂ ಬೇಡ.

ಆಷಾಢದಲ್ಲಿ ಊರಿಗೆ ಹೋದಾಗ ಗೂಡಿನ ಕಲ್ಲಿನ ಮೇಲೆ ಹನಿಗಳು ಕೂತಿದ್ದವು. ಗ್ಲಿಸರಿನ್ ಮಳೆಗಾಲದ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. "ಕಲ್ಲು ಬೆವರ್ತದೆ ಕಣೋ" ಎಂದು ಅವ್ವ ದಿನವೂ ಸೆರಗಿನಿಂದ ಒರೆಸುತ್ತಿದ್ದಳಂತೆ. ನಾನು ಚೊಂಬಿನಲ್ಲಿ ನೀರು ತಂದು, ಅವಳ ಕೈಹಿಡಿದು ಸಾಬೂನು ಹಚ್ಚಿಯೇಬಿಟ್ಟೆ. ಚೆನ್ನಾಗಿ ಬೈದಳು. ಮರುದಿನ ಸಂಜೆ ಕೆಲಸದಿಂದ ಬಂದವಳು ತಾನಾಗಿಯೇ ಗೂಡಿಗೆ ಕೈಹಾಕಿದಳು. ಈಗ ಕರಿಯ ಪಟ್ಟೆಯೊಂದು ಮಾತ್ರ ಉಳಿದಿದೆಯಂತೆ.