ಮಳೆಯ ಮೊತ್ತ, ಮಳೆಯ ರಭಸ

ಉತ್ತರ ಯುರೋಪಿನ ನಾರ್ವೆ ದೇಶವೆಂದೊಡನೆ ನಮಗೆ ನೆನಪಾಗುವುದು ಹಿಮ. ಆದರೆ ಆ ದೇಶದ ಪಶ್ಚಿಮ ಕರಾವಳಿಯಲ್ಲಿರುವ ಬರ್ಗೆನ್ ನಗರವು ಹೆಸರಾಗಿರುವುದು ಮಳೆಗಾಗಿ. ಅಟ್ಲಾಂಟಿಕ್ ಸಾಗರದ ತೇವಭರಿತ ಪಡುಗಾಳಿಯು ಅಲ್ಲಿನ ಬೆಟ್ಟಗಳಿಗೆ ತಾಗಿ, ಮೇಲೇರಿ, ತಣಿದು ಮಳೆಯಾಗುತ್ತದೆ. ನೈಋತ್ಯ ಮಾರುತವು ಸಹ್ಯಾದ್ರಿಗೆ ತಾಗಿ ನಮ್ಮ ಕರಾವಳಿಯಲ್ಲಿ ಮಳೆಗರೆಯುವ ಕ್ರಮವೂ ಇದೇ. ಬರ್ಗೆನಿನ ವಾರ್ಷಿಕ ಮಳೆ ಎರಡು ಸಾವಿರ ಮಿಲಿಮೀಟರಿಗೂ ಅಧಿಕ. ಮುಂಬಯಿಯದೂ ಹೆಚ್ಚುಕಡಿಮೆ ಅಷ್ಟೇ.

ಆದರೆ ಲೆಕ್ಕ ಬಲ್ಲವರು ವರ್ಷಾಂತ್ಯದ ಮೊತ್ತದೊಡನೆ ದಿನವಹಿಯನ್ನೂ ನೋಡುತ್ತಾರೆ. ಅಲ್ಲಿ ಆ ಮಳೆಯು ಇನ್ನೂರಕ್ಕೂ ಮಿಕ್ಕಿದ ದಿನಗಳಿಗೆ ಹಂಚಿಹೋಗುತ್ತದೆ. ಇಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. 2005ರ ಜುಲೈ 26ರಂದು ನಮ್ಮ ನೆರೆಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ನಗರದ ಹಳೆಯ ಮಳೆನೀರ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು ಸಾಗಿಸುವಂತೆ ನಿರ್ಮಿತವಾದವು. ಸಮುದ್ರದ ಉಬ್ಬರವೂ ಕೂಡಿಬಂದರೆ ನೀರಿಗೆ ಹೊರಹೋಗಲು ದಾರಿಯಿರುವುದಿಲ್ಲ.

ನಮ್ಮಲ್ಲಿ ಅನೇಕರು ಕರಾವಳಿಯಿಂದಲೂ ಘಟ್ಟದ ಸೀಮೆಯಿಂದಲೂ ಬಂದವರು. "ಊರಿನ ಆಟಿಯ ಮಳೆಯ ಮುಂದೆ ಇದು ಯಾವ ಲೆಕ್ಕ?" ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಈ ಹೆಮ್ಮೆಯಲ್ಲಿಯೇ ಅಪಾಯವಿದೆ. ಊರಿನ ಮಳೆನೀರು ಸಾಮಾನ್ಯವಾಗಿ ತೋಡು ಹಿಡಿದು ಹೊಳೆ ಸೇರುತ್ತದೆ. ಇಲ್ಲಿ ಮಿಲನ್ ಸಬ್‌ವೇಯಂತಹ ತಗ್ಗುಗಳಲ್ಲಿ ನಿಲ್ಲುವ ನೀರು ಗಟಾರದ ಕೊಳೆಯನ್ನೂ ಇಲಿ ಹೆಗ್ಗಣಗಳ ಮೂತ್ರವನ್ನೂ ಹೊತ್ತಿರುತ್ತದೆ. ಇಲಿಜ್ವರದ ರೋಗಾಣು ಕಾಲಿನ ಸಣ್ಣ ಗಾಯದಿಂದಲೂ ದೇಹವನ್ನು ಹೊಗಬಲ್ಲದು. 2005ರ ನೆರೆಯಿಳಿದ ಮೇಲೆ ಈ ಜ್ವರವು ನಗರದಲ್ಲಿ ಹಬ್ಬಿ ಪ್ರಾಣಹಾನಿಯನ್ನೂ ಉಂಟುಮಾಡಿತು.

ಇದಕ್ಕೆ ಸುಲಭವಾಗಿ ತುತ್ತಾಗುವವರು ಯಾರು? ದಿನವಿಡೀ ಒದ್ದೆ ನೆಲದಲ್ಲಿ ನಿಂತು ಬೆರಳ ಸಂದುಗಳು ಹುಣ್ಣಾದ, ನಮ್ಮವರದೇ ಹೋಟೆಲುಗಳ ಕೆಲಸಗಾರರು. ಅಂಗಡಿ ಮುಚ್ಚಿದ ಮೇಲೆ ಅದೇ ಕಾಲಿನಲ್ಲಿ ಅವರು ನೆರೆನೀರನ್ನು ದಾಟಬೇಕು. ಅವರಿಗೆ ಗಮ್‌ಬೂಟು ಒದಗಿಸುವುದು ಮಾಲೀಕರ ಔದಾರ್ಯವಲ್ಲ, ಹೊಣೆ. ನೆರೆನೀರಿನಲ್ಲಿ ನಡೆದವರು 72 ಗಂಟೆಗಳೊಳಗಾಗಿ ವೈದ್ಯರನ್ನು ಕಂಡು ರೋಗನಿರೋಧಕ ಮಾತ್ರೆ ಪಡೆಯಬೇಕೆಂದು ಮಹಾನಗರಪಾಲಿಕೆ ಮಳೆಗಾಲದಲ್ಲಿ ಸಲಹೆ ನೀಡುತ್ತದೆ. ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವಿಕೆ ಕಂಡರೆ ಕಷಾಯ ಕುಡಿದು ಮಲಗದೆ ಆಸ್ಪತ್ರೆಗೆ ಹೋಗತಕ್ಕದ್ದು.

ನಮ್ಮ ಸಂಘಗಳು ನಾಡಹಬ್ಬವನ್ನೂ ಯಕ್ಷಗಾನವನ್ನೂ ಶ್ರದ್ಧೆಯಿಂದ ನಡೆಸುತ್ತಿವೆ. ಅದೇ ಶ್ರದ್ಧೆಯಿಂದ ಪ್ರತಿವರ್ಷ ಮೇ ತಿಂಗಳಲ್ಲಿ ವೈದ್ಯರೊಬ್ಬರನ್ನು ಕರೆಸಿ, ಹೋಟೆಲು ಕೆಲಸಗಾರರಿಗೆ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಈ ತಿಳಿವಳಿಕೆ ಕೊಡಿಸಲಿ. ಹೆಚ್ಚಿನ ಖರ್ಚಿಲ್ಲದ ಈ ಕೆಲಸದಿಂದ ಊರಿನಲ್ಲಿ ಕಾದಿರುವ ಒಂದು ಮನೆಯ ದೀಪವಾದರೂ ಉಳಿದೀತು.